ಮೀನು ಫ್ರೀಜ್ ಮಾಡಲು ವ್ಯಾಕ್ಯೂಮ್ ಸೀಲರ್ ಆರಿಸಿದ್ದು

ಒಮ್ಮೆಗೇ ಹೆಚ್ಚು ಮೀನು ಮನೆಗೆ ಬಂದು ಅದನ್ನು ತಿಂಗಳುಗಟ್ಟಲೆ ಇಟ್ಟು ಬಳಸಬೇಕಾದವರಿಗೆ, ಫ್ರೀಜರ್ ಒಂದಿದ್ದರೆ ಸಾಲದು ಎಂಬುದು ಬೇಗನೆ ಅರಿವಿಗೆ ಬರುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ಚೀಲಕ್ಕೆ ಗಂಟು ಹಾಕಿ ಇಟ್ಟ ಹೋಳುಗಳು ನಮ್ಮ ಮನೆಯಲ್ಲಿ ಕೆಲವು ವಾರ ಕಳೆಯುವಷ್ಟರಲ್ಲಿ ಅಂಚಿನಲ್ಲಿ ಬಿಳಿಚಿಕೊಂಡು ಒಣಗುತ್ತಿದ್ದವು, ಬೇಯಿಸಿದಾಗ ನಾರುನಾರಾಗಿ ಹಲ್ಲಿಗೆ ಸಿಗುತ್ತಿದ್ದವು. ಬಂಗುಡೆ, ಬೂತಾಯಿಯಂಥ ಎಣ್ಣೆಯಂಶ ಹೆಚ್ಚಿರುವ ಮೀನುಗಳಲ್ಲಿ ಇದರ ಜೊತೆಗೆ ಕಮಟು ವಾಸನೆಯೂ ಸೇರುತ್ತಿತ್ತು. ಮೊದಲು ಅನುಮಾನ ಹೋದದ್ದು ಫ್ರೀಜರಿನ ಮೇಲೆ. ಒಳಗೆ ಥರ್ಮಾಮೀಟರ್ ಇಟ್ಟು ನೋಡಿದರೆ ಅದು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿಯೇ ನಿಂತಿತ್ತು. ಹಾಗಾದರೆ ಉಳಿದ ಕಾರಣ ಚೀಲದೊಳಗೆ ಮೀನಿನ ಜೊತೆ ಸಿಕ್ಕಿಕೊಂಡಿದ್ದ ಗಾಳಿ. ಆ ಗಾಳಿಯನ್ನು ತೆಗೆಯುವ ಯಂತ್ರವೊಂದನ್ನು ಕೊಳ್ಳಬೇಕೆಂದು ತೀರ್ಮಾನಿಸಿದ್ದು ಹಾಗೆ. ಯಾವ ಯಂತ್ರ ಎಂದು ತೀರ್ಮಾನಿಸುವುದಕ್ಕೆ ಮಾತ್ರ ಬಹಳ ಸಮಯ ಹಿಡಿಯಿತು.

ಯಂತ್ರಗಳನ್ನು ನೋಡುವ ಮೊದಲು, ಗಾಳಿ ಮೀನಿಗೆ ಏನು ಮಾಡುತ್ತದೆ ಎಂಬುದನ್ನು ತಿಳಿದುಕೊಂಡೆ. ಇಲ್ಲದಿದ್ದರೆ ಯಾವ ಯಂತ್ರ ನಮಗೆ ಸಾಕು, ಯಾವುದು ಹೆಚ್ಚಾಯಿತು ಎಂದು ಅಳೆಯಲು ನನ್ನ ಬಳಿ ಅಳತೆಗೋಲೇ ಇರುತ್ತಿರಲಿಲ್ಲ. ಬಿಳಿ ಕಲೆಗಳಿಗೆ ಕಾರಣ ಉತ್ಪತನ. ಒಣಗಾಳಿಗೆ ತೆರೆದುಕೊಂಡ ಮೇಲ್ಮೈಯಲ್ಲಿರುವ ಮಂಜಿನ ಹರಳುಗಳು ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತವೆ. ಆ ಆವಿ ಚೀಲದ ಒಳಮೈಯಲ್ಲಿ ಹಿಮದ ಪುಡಿಯಾಗಿ ಕೂರುತ್ತದೆ, ಮಾಂಸದಲ್ಲಿ ನೀರಿದ್ದ ಜಾಗ ಟೊಳ್ಳಾಗಿ ಉಳಿಯುತ್ತದೆ. ಫ್ರೀಜರ್ ಬರ್ನ್ ಎಂದು ಕರೆಯುವುದು ಇದನ್ನೇ. ಇಂಥ ಮೀನನ್ನು ತಿಂದರೆ ಆರೋಗ್ಯಕ್ಕೆ ತೊಂದರೆಯಿಲ್ಲ, ರುಚಿ ಮತ್ತು ಮೆದುತನ ಮಾತ್ರ ಹೋಗಿರುತ್ತವೆ. ಕಮಟು ವಾಸನೆಯ ಕಾರಣ ಬೇರೆ. ಮೀನಿನ ಕೊಬ್ಬಿನ ಬಹುಭಾಗ ಅಪರ್ಯಾಪ್ತ ಕೊಬ್ಬಾದ್ದರಿಂದ ಅದು ಆಮ್ಲಜನಕದೊಂದಿಗೆ ಸುಲಭವಾಗಿ ಸೇರಿಕೊಳ್ಳುತ್ತದೆ, ಮತ್ತು ಈ ಕ್ರಿಯೆ ಮೈನಸ್ 18 ಡಿಗ್ರಿಯಲ್ಲೂ ನಿಲ್ಲದೆ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಸಾಮಾನ್ಯ ಪ್ಯಾಕಿಂಗಿನಲ್ಲಿ ಕೊಬ್ಬಿನ ಮೀನನ್ನು 2ರಿಂದ 3 ತಿಂಗಳು, ಕೊಬ್ಬು ಕಡಿಮೆ ಇರುವ ಮೀನನ್ನು 6ರಿಂದ 8 ತಿಂಗಳು ಇಡಬಹುದು ಎಂಬ ಸಾಮಾನ್ಯ ಲೆಕ್ಕದ ಹಿಂದೆ ಇರುವುದು ಈ ವ್ಯತ್ಯಾಸವೇ.

ಗಾಳಿಯನ್ನು ತೆಗೆದರೆ ಈ ಎರಡೂ ಹಾನಿಗಳು ಬಹಳಮಟ್ಟಿಗೆ ತಗ್ಗುತ್ತವೆ. ಚೀಲ ಮೀನಿನ ಮೈಗೆ ಅಂಟಿಕೊಂಡಿದ್ದರೆ ಆವಿಗೆ ಹೋಗಿ ಕೂರಲು ಜಾಗವಿರುವುದಿಲ್ಲ, ಕೊಬ್ಬಿಗೆ ಸೇರಲು ಆಮ್ಲಜನಕವಿರುವುದಿಲ್ಲ. ಆದರೆ ಯಂತ್ರದಿಂದ ಆಗದ ಕೆಲಸಗಳೂ ಇವೆ. ಮೀನಿನ ಕಿಣ್ವಗಳು ಶೀತದಲ್ಲಿಯೂ ನಿಧಾನವಾಗಿ ಕೆಲಸ ಮಾಡುತ್ತಿರುತ್ತವೆ, ಪ್ರೋಟೀನ್ ತನ್ನ ನೀರು ಹಿಡಿದಿಡುವ ಗುಣವನ್ನು ಕ್ರಮೇಣ ಕಳೆದುಕೊಳ್ಳುತ್ತದೆ. ಇವಕ್ಕೂ ಗಾಳಿಗೂ ಸಂಬಂಧವಿಲ್ಲ. ಹೊತ್ತು ಮೀರಿ ಹೊರಗೆ ಬಿದ್ದಿದ್ದ ಬಂಗುಡೆಯಲ್ಲಿ ಆಗಲೇ ಹಿಸ್ಟಮಿನ್ ಎಂಬ, ತಿಂದವರಿಗೆ ಅಲರ್ಜಿಯಂಥ ಬಾಧೆ ಕೊಡುವ ವಸ್ತು ಸೇರಿಕೊಂಡಿದ್ದರೆ ಅದು ಫ್ರೀಜ್ ಮಾಡಿದರೂ ಹೋಗದು, ಬೇಯಿಸಿದರೂ ಹೋಗದು, ನಿರ್ವಾತದಲ್ಲಿ ಮುಚ್ಚಿದರೂ ಹೋಗದು. ಒಳ್ಳೆಯ ಮೀನನ್ನು ಒಳ್ಳೆಯದಾಗಿಯೇ ಉಳಿಸಿಕೊಳ್ಳುವುದಷ್ಟೇ ಈ ಯಂತ್ರದ ಕೆಲಸ ಎಂದು ಮನಸ್ಸಿನಲ್ಲಿ ಇಟ್ಟುಕೊಂಡ ಮೇಲೆ, ಜಾಹೀರಾತುಗಳಲ್ಲಿ ಕಾಣುವ ಐದು ಪಟ್ಟು, ಎಂಟು ಪಟ್ಟು ಹೆಚ್ಚು ಕಾಲ ಉಳಿಯುತ್ತದೆ ಎಂಬ ಮಾತುಗಳ ಕಡೆಗೆ ಗಮನ ಕೊಡುವ ಅಗತ್ಯ ಬೀಳಲಿಲ್ಲ.

ಮನೆಬಳಕೆಗೆ ಸಿಗುವ ಯಂತ್ರಗಳು ಸ್ಥೂಲವಾಗಿ ಮೂರು ಬಗೆ. ಮೊದಲನೆಯದು ಕೈಯಲ್ಲಿ ಹಿಡಿಯುವ ಪುಟ್ಟ ಪಂಪು. ಇದರ ಚೀಲಕ್ಕೆ ಜಿಪ್ ಮತ್ತು ಒಂದು ಸಣ್ಣ ವಾಲ್ವ್ ಇರುತ್ತದೆ. ಬಂಧುಗಳೊಬ್ಬರ ಮನೆಯಲ್ಲಿದ್ದ ಇಂಥದ್ದೊಂದನ್ನು ತಂದು ಬಳಸಿ ನೋಡಿದೆ. ಒಂದೆರಡು ವಾರದ ಮಟ್ಟಿಗೆ ಇಡುವ ಹೋಳುಗಳಿಗೆ ಅದು ಚೆನ್ನಾಗಿಯೇ ಇತ್ತು, ಆದರೆ ಫ್ರೀಜರಿನಲ್ಲಿ ಇನ್ನೂ ಹೆಚ್ಚು ಕಾಲ ಬಿಟ್ಟ ಚೀಲಗಳಲ್ಲಿ ಕೆಲವು ಸಡಿಲವಾಗಿ, ಮೀನಿನ ಸುತ್ತ ಮತ್ತೆ ಗಾಳಿ ಸೇರಿಕೊಂಡಿರುವುದು ಕಂಡಿತು. ಜಿಪ್ಪಿನ ಹಲ್ಲುಗಳ ನಡುವೆ ಮೀನಿನ ಲೋಳೆ ಒಂದು ಎಳೆಯಷ್ಟು ಸಿಕ್ಕಿದರೂ ಸಾಕು, ಅಲ್ಲಿ ಗಾಳಿಗೆ ದಾರಿಯಾಗುತ್ತದೆ. ತಿಂಗಳುಗಟ್ಟಲೆ ಇಡಬೇಕಾದ ಮೀನಿಗೆ ಬಿಸಿಯಿಂದ ಬೆಸೆದು ಮುಚ್ಚುವ ವ್ಯವಸ್ಥೆಯೇ ಬೇಕು ಎಂದು ಆ ಪಂಪನ್ನು ಹಿಂದಿರುಗಿಸಿದೆ.

ಎರಡನೆಯ ಬಗೆ, ಚೀಲದ ಬಾಯಿಯನ್ನು ಮಾತ್ರ ಯಂತ್ರದೊಳಗೆ ಕಚ್ಚಿ ಹಿಡಿದು, ಚೀಲದ ಗಾಳಿಯನ್ನು ಎಳೆದು, ಬಿಸಿ ಪಟ್ಟಿಯಿಂದ ಬಾಯಿಯನ್ನು ಬೆಸೆಯುವಂಥದ್ದು. ಅಡುಗೆಮನೆಯ ಕಟ್ಟೆಯ ಮೇಲೆ ಹಿಡಿಸುವ ಉದ್ದನೆಯ ಡಬ್ಬಿಯಂಥ ಯಂತ್ರಗಳು ಬಹುತೇಕ ಇವೇ. ಮೂರನೆಯದು ಚೇಂಬರ್ ಯಂತ್ರ. ಇದರಲ್ಲಿ ಇಡೀ ಚೀಲವನ್ನು ಪೆಟ್ಟಿಗೆಯೊಳಗೆ ಇಟ್ಟು, ದಪ್ಪ ಪಾರದರ್ಶಕ ಮುಚ್ಚಳವನ್ನು ಹಾಕಿ, ಪೆಟ್ಟಿಗೆಯ ಗಾಳಿಯನ್ನೆಲ್ಲ ತೆಗೆದು, ಒಳಗಡೆಯೇ ಚೀಲವನ್ನು ಬೆಸೆಯಲಾಗುತ್ತದೆ.

ಅಡುಗೆಯ ವ್ಯಾಪಾರ ನಡೆಸುವ ಗೆಳೆಯನೊಬ್ಬನ ಬಳಿ ಚೇಂಬರ್ ಯಂತ್ರವಿತ್ತು. ನನ್ನ ಮೀನನ್ನೇ ಒಯ್ದು ಅದರಲ್ಲಿ ಹಾಕಿ ನೋಡಿದ್ದು ಈ ಇಡೀ ಹುಡುಕಾಟದಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ. ಮುಚ್ಚಳ ಒತ್ತಿದ ಮೇಲೆ ಪಂಪು ಗಡುಸಾಗಿ ಸದ್ದು ಮಾಡತೊಡಗಿತು, ಚೀಲ ಮೊದಲು ಬಲೂನಿನಂತೆ ಉಬ್ಬಿತು, ಸ್ವಲ್ಪ ಹೊತ್ತಿಗೆ ಹೋಳುಗಳ ಅಡಿಯಲ್ಲಿ ಸೇರಿದ್ದ ನೀರಿನಲ್ಲಿ ಗುಳ್ಳೆಗಳು ಎದ್ದು ಅದು ಕುದಿಯಲು ಆರಂಭಿಸಿತು. ಬಿಸಿ ಎಲ್ಲಿಯೂ ಇರಲಿಲ್ಲ. “ಮೀನು ತಣ್ಣಗಿಲ್ಲ ಕಣೋ, ಇನ್ನೊಂದು ಗಂಟೆ ಫ್ರಿಜ್ಜಲ್ಲಿಟ್ಟು ತಾ, ಆಮೇಲೆ ಹಾಕೋಣ” ಎಂದು ಗೆಳೆಯ ಯಂತ್ರವನ್ನು ನಿಲ್ಲಿಸಿದ. ಅವನು ಹೇಳಿದ್ದರಲ್ಲಿ ಭೌತಶಾಸ್ತ್ರವಿದೆ: ಒತ್ತಡ ಸುಮಾರು 2.3 ಕಿಲೋಪ್ಯಾಸ್ಕಲ್‌ಗೆ ಇಳಿದರೆ ನೀರು 20 ಡಿಗ್ರಿಯಲ್ಲೇ ಕುದಿಯುತ್ತದೆ, 5 ಡಿಗ್ರಿಗೆ ತಣಿದ ನೀರು ಕುದಿಯಬೇಕಾದರೆ ಒತ್ತಡ ಒಂದು ಕಿಲೋಪ್ಯಾಸ್ಕಲ್‌ಗಿಂತಲೂ ಕೆಳಗಿಳಿಯಬೇಕು. ಚೆನ್ನಾಗಿ ತಣಿದ ಮೀನನ್ನು ಎರಡನೆಯ ಸಲ ಹಾಕಿದಾಗ ನೀರು ಅಲುಗದೆ ಇದ್ದಲ್ಲೇ ಇತ್ತು. ಪೆಟ್ಟಿಗೆಗೆ ಗಾಳಿ ಮರಳಿ ನುಗ್ಗಿದೊಡನೆ ಚೀಲ ಹೋಳುಗಳಿಗೆ ಫಟ್ಟನೆ ಅಂಟಿಕೊಂಡಿತು. ಹೋಳಿನ ಮೇಲಿನ ಚರ್ಮದ ಗೆರೆಗಳೂ ಪ್ಲಾಸ್ಟಿಕ್ಕಿನ ಹೊರಗಿನಿಂದ ಎದ್ದು ಕಾಣುತ್ತಿದ್ದವು.

ಚೇಂಬರ್ ಯಂತ್ರದ ದೊಡ್ಡ ಗುಣವೆಂದರೆ ಅದು ಚೀಲದಿಂದ ದ್ರವವನ್ನು ಎಳೆಯುವುದಿಲ್ಲ. ಚೀಲದ ಒಳಗೂ ಹೊರಗೂ ಒತ್ತಡ ಒಟ್ಟಿಗೆ ಇಳಿಯುವುದರಿಂದ ನೀರನ್ನು ಬಾಯಿಯ ಕಡೆಗೆ ತಳ್ಳುವ ಬಲವೇ ಅಲ್ಲಿರುವುದಿಲ್ಲ. ಸಾದಾ ನುಣುಪು ಚೀಲಗಳೂ ಅದರಲ್ಲಿ ನಡೆಯುತ್ತವೆ. ಮೀನಿನಂಥ ಒದ್ದೆ ಪದಾರ್ಥಕ್ಕೆ ಇದಕ್ಕಿಂತ ಒಳ್ಳೆಯ ಯಂತ್ರವಿಲ್ಲ ಎಂಬುದರಲ್ಲಿ ನನಗೆ ಸಂದೇಹ ಉಳಿಯಲಿಲ್ಲ. ಆದರೂ ಅದನ್ನು ಕೊಳ್ಳಲಿಲ್ಲ. ಅದು ಭಾರವಾದ ಯಂತ್ರ. ಒಮ್ಮೆ ಇಟ್ಟ ಜಾಗದಿಂದ ಎತ್ತಿ ಕಪಾಟಿನೊಳಗೆ ಇಡುವಂಥದ್ದಲ್ಲ. ಎಣ್ಣೆಯ ಪಂಪು ಇರುವ ಮಾದರಿಗಳಲ್ಲಿ ಎಣ್ಣೆಯನ್ನು ಆಗಾಗ ಬದಲಿಸಬೇಕು; ಬಹಳ ದಿನ ಬಳಸದೆ ಬಿಟ್ಟರೆ ಮೀನಿನಿಂದ ಎದ್ದ ನೀರಾವಿ ಎಣ್ಣೆಯಲ್ಲಿ ಸೇರಿ ಪಂಪಿಗೇ ತೊಂದರೆ. ಪೆಟ್ಟಿಗೆಯ ಉದ್ದಕ್ಕಿಂತ ಉದ್ದವಾದ ಹೋಳು ಅದರಲ್ಲಿ ಹಿಡಿಸುವುದೂ ಇಲ್ಲ. ವಾರಕ್ಕೊಮ್ಮೆಯಾದರೂ ಮೀನು ಕಟ್ಟುವ ಮನೆಗೆ, ಸಾರು, ಮಸಾಲೆ ಬೆರೆಸಿದ ಮೀನು ಇತ್ಯಾದಿ ದ್ರವದ ಪದಾರ್ಥಗಳನ್ನೂ ಕಟ್ಟುವವರಿಗೆ ಅದು ತಕ್ಕದ್ದು. ನಮ್ಮ ಬಳಕೆ ಅಷ್ಟಿರಲಿಲ್ಲ.

ಹೀಗೆ ಎರಡನೆಯ ಬಗೆಯೇ ಉಳಿಯಿತು. ಈ ಬಗೆಯಲ್ಲಿ ಮಾದರಿಯಿಂದ ಮಾದರಿಗೆ ಏನು ಬೇರೆಯಾಗುತ್ತದೆ ಎಂದು ತಿಳಿಯಲು ಪೆಟ್ಟಿಗೆಯ ಮೇಲಿನ ಅಂಕಿಗಳಿಂದ ಆರಂಭಿಸಿದೆ, ಆದರೆ ಅವುಗಳಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಎಲ್ಲರೂ ದೊಡ್ಡದಾಗಿ ಮುದ್ರಿಸುವುದು ಎಳೆತದ ಅಂಕಿಯನ್ನು, ಅಂದರೆ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಎಷ್ಟು ಇಳಿಸಬಲ್ಲದು ಎಂಬುದನ್ನು: 60 ಕಿಲೋಪ್ಯಾಸ್ಕಲ್, 80 ಕಿಲೋಪ್ಯಾಸ್ಕಲ್ ಎಂದು. ಕಡಲಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ಸಾವಿರ ಮೀಟರ್ ಎತ್ತರದಲ್ಲಿ ಅದು ಸುಮಾರು 90ಕ್ಕೆ ಇಳಿಯುವುದರಿಂದ ಅದೇ ಯಂತ್ರ ಅಲ್ಲಿ ಅಷ್ಟೇ ಅಂಕಿಯನ್ನು ಮುಟ್ಟಲಾರದು. ಅದಕ್ಕಿಂತ ಮುಖ್ಯವಾಗಿ, ಮೆತ್ತನೆಯ ಚೀಲದ ವಿಷಯದಲ್ಲಿ ಈ ಅಂಕಿಗೆ ಅಷ್ಟೊಂದು ತೂಕವಿಲ್ಲ. ಗಾಜಿನ ಭರಣಿಯ ಗಾಳಿಯನ್ನು ತೆಗೆಯಬೇಕಾದರೆ ಪೂರ್ತಿ ಕೆಲಸ ಪಂಪಿನದೇ. ಚೀಲದಲ್ಲಿ ಹಾಗಲ್ಲ, ಒಳಗಿನ ಒತ್ತಡ ಸ್ವಲ್ಪ ಇಳಿದೊಡನೆ ಹೊರಗಿನ ಗಾಳಿಯೇ ಚೀಲವನ್ನು ಮೀನಿನ ಮೇಲೆ ಒತ್ತಿ ಹಿಡಿಯುತ್ತದೆ. ಇಬ್ಬರು ಪರಿಚಿತರ ಮನೆಯ ಎರಡು ಯಂತ್ರಗಳಲ್ಲಿ, ಅಂಕಿಯಲ್ಲಿ ಸಾಕಷ್ಟು ಅಂತರವಿದ್ದರೂ, ಒಂದೇ ಮೀನಿನ ಹೋಳುಗಳನ್ನು ಕಟ್ಟಿ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಚೀಲಗಳ ಅಂಟಿನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಎಳೆತ ಹೆಚ್ಚಾದಷ್ಟೂ ಮೃದು ಮಾಂಸದ ಮೀನಿನಿಂದ ರಸ ಹಿಂಡಿ ಹೊರಬರುವುದು ಮಾತ್ರ ಹೆಚ್ಚುತ್ತದೆ.

ಅದೇ ಪರೀಕ್ಷೆಯಲ್ಲಿ ಒಂದು ಯಂತ್ರ ಬೆಸೆದ ಬಾಯಿ ಸುಲಭವಾಗಿ ಬಿಟ್ಟುಕೊಂಡಿತು, ಇನ್ನೊಂದರದು ಎರಡೂ ಕೈಯಿಂದ ಎಳೆದರೂ ಜಗ್ಗಲಿಲ್ಲ. ನನ್ನ ಗಮನ ಪಂಪಿನಿಂದ ಬೆಸುಗೆಯ ಕಡೆಗೆ ಹೊರಳಿದ್ದು ಆಗ. ಬಿಟ್ಟುಕೊಂಡ ಚೀಲದ ಬಾಯನ್ನು ಬೆಳಕಿಗೆ ಹಿಡಿದು ನೋಡಿದೆ. ಬೆಸುಗೆಯ ಗೆರೆ ಒಂದೇ ಇತ್ತು, ಎರಡು ಮೂರು ಮಿಲಿಮೀಟರ್ ಅಗಲ; ಅದರ ಬಹುಭಾಗ ಗಾಜಿನಂತೆ ತಿಳಿಯಾಗಿದ್ದರೂ ನಡುವೆ ಒಂದು ಕಡೆ ಬಿಳಿ ಗುಳ್ಳೆಗಳ ಸಾಲು ಕಾಣುತ್ತಿತ್ತು, ಮತ್ತು ಸರಿಯಾಗಿ ಅದರ ನೇರಕ್ಕೆ ಚೀಲದ ಉಬ್ಬುಗೆರೆಗಳ ನಡುವೆ ತೆಳು ಕೆಂಪು ನೀರಿನ ಎಳೆಯೊಂದು ಬಾಯಿಯವರೆಗೆ ಹರಿದು ಬಂದಿತ್ತು. ಚೀಲದ ಒಳಪದರ ಪಾಲಿಎಥಿಲೀನ್, ಹೊರಪದರ ನೈಲಾನ್. ಒಳಪದರ ಸುಮಾರು 110 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಒಂದಕ್ಕೊಂದು ಸೇರಬೇಕು, ಹೊರಗಿನ ನೈಲಾನ್ ಕರಗದೆ ಉಳಿಯಬೇಕು. ನಡುವೆ ನೀರಿದ್ದರೆ ಪಟ್ಟಿಯ ಬಿಸಿ ಮೊದಲು ಆ ನೀರನ್ನು ಆವಿ ಮಾಡುವುದಕ್ಕೆ ಖರ್ಚಾಗುತ್ತದೆ. ನೀರು ಹೋಗುವವರೆಗೆ ಅಲ್ಲಿನ ಪ್ಲಾಸ್ಟಿಕ್ಕು ಕರಗುವ ಬಿಸಿಗೆ ಏರುವುದೇ ಇಲ್ಲ, ಅಷ್ಟರಲ್ಲಿ ಯಂತ್ರದ ಬೆಸೆಯುವ ಅವಧಿ ಮುಗಿದಿರುತ್ತದೆ. ಮೀನೆಣ್ಣೆ ನೀರಿಗಿಂತ ಕೆಟ್ಟದ್ದು. ಅದು ಆವಿಯಾಗಿಯೂ ಹೋಗದೆ ಎರಡು ಪದರಗಳ ನಡುವೆ ಜಿಡ್ಡಾಗಿ ನಿಲ್ಲುತ್ತದೆ.

ಇಷ್ಟು ಅರ್ಥವಾದ ಮೇಲೆ ಯಾವುದನ್ನು ನೋಡಬೇಕು ಎಂಬುದು ತಾನಾಗಿಯೇ ಸ್ಪಷ್ಟವಾಯಿತು. ಬೆಸುಗೆ ಅಗಲವಾಗಿರಬೇಕು, ಇಲ್ಲವೇ ಒಂದರ ಪಕ್ಕ ಇನ್ನೊಂದರಂತೆ ಎರಡು ಗೆರೆಗಳಿರಬೇಕು. ಒದ್ದೆ ಪದಾರ್ಥಕ್ಕೆಂದು ಪ್ರತ್ಯೇಕ ಆಯ್ಕೆ ಇರಬೇಕು. ಆ ಆಯ್ಕೆಯಲ್ಲಿ ಪಟ್ಟಿ ಹೆಚ್ಚು ಹೊತ್ತು ಬಿಸಿಯಾಗಿರಬೇಕು, ಕೇವಲ ಎಳೆತ ಕಡಿಮೆಯಾದರೆ ಸಾಲದು. ಎಳೆಯುವುದನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸಿ ಒಡನೆ ಬೆಸೆಯುವ ಬಟನ್ ಬೇಕೇ ಬೇಕು, ಏಕೆಂದರೆ ನೀರಿನ ಎಳೆ ಬಾಯಿಯ ಕಡೆಗೆ ಹೊರಟದ್ದು ಕಣ್ಣಿಗೆ ಕಂಡಾಗ ಮಾಡಬೇಕಾದ ಕೆಲಸ ಅದೊಂದೇ. ಇದು ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿತ್ತು, ಮತ್ತು ಎಲ್ಲವನ್ನೂ ಒಂದೇ ಬಟನ್ನಿನಲ್ಲಿ ತಾನೇ ಮಾಡುವ ಅಂದದ ಮಾದರಿಗಳನ್ನು ನಾನು ಬದಿಗಿಟ್ಟದ್ದು ಇದೇ ಕಾರಣಕ್ಕೆ. ಹೊರಬಂದ ನೀರು ಸೇರುವ ತಟ್ಟೆ ಬಿಚ್ಚಿ ತೊಳೆಯುವಂತಿರಬೇಕು. ಅಂಟಿಸಿದ ಗುಣಿಯಲ್ಲಿ ಮೀನಿನ ನೀರು ನಿಂತರೆ ಮಾರನೆಯ ದಿನ ಮೂಗೇ ದೂರು ಹೇಳುತ್ತದೆ. ಮುಚ್ಚಳದ ಸುತ್ತಲಿನ ರಬ್ಬರು ಗ್ಯಾಸ್ಕೆಟ್ಟು ಮತ್ತು ಬಿಸಿ ಪಟ್ಟಿಯ ಮೇಲಿನ ಟೆಫ್ಲಾನ್ ಟೇಪು ಸವೆಯುವ ಭಾಗಗಳಾದ್ದರಿಂದ ಅವು ಬಿಡಿಯಾಗಿ ಸಿಗುತ್ತವೆಯೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಿಕೊಂಡೆ. ಸಿಗುವುದಿಲ್ಲ ಎಂಬ ಉತ್ತರ ಬಂದ ಮಾದರಿಯನ್ನು, ಉಳಿದೆಲ್ಲ ಚೆನ್ನಾಗಿದ್ದರೂ, ಬಿಟ್ಟೆ.

ಒಂದರ ಹಿಂದೊಂದು ಎಷ್ಟು ಚೀಲ ಬೆಸೆಯಬಹುದು ಎಂಬುದು ಪೆಟ್ಟಿಗೆಯ ಮೇಲೆ ಕಾಣದ, ಆದರೆ ಮೀನಿನವರಿಗೆ ಬಹಳ ಮುಖ್ಯವಾದ ಸಂಗತಿ. ಬೇಳೆಕಾಳನ್ನು ಕಟ್ಟುವವರು ದಿನಕ್ಕೆ ಎರಡು ಚೀಲ ಬೆಸೆದು ನಿಲ್ಲಿಸಬಹುದು. ಮೀನು ಬಂದ ದಿನ ಅಷ್ಟನ್ನೂ ಅಂದೇ ಮುಗಿಸಬೇಕು. ಸಣ್ಣ ಯಂತ್ರಗಳಲ್ಲಿ ಬಿಸಿ ಪಟ್ಟಿ ಆರಲು ಪ್ರತಿ ಬೆಸುಗೆಯ ನಂತರ ಅರ್ಧ ನಿಮಿಷವೋ ಒಂದು ನಿಮಿಷವೋ ಬಿಡಬೇಕಾಗುತ್ತದೆ, ಬಿಡದಿದ್ದರೆ ಯಂತ್ರ ತಾನಾಗಿಯೇ ನಿಂತು ತಣಿಯುವವರೆಗೆ ಮುಷ್ಕರ ಹೂಡುತ್ತದೆ. ಇದರ ವಿವರ ಬಳಕೆಯ ಕೈಪಿಡಿಯ ಒಳಪುಟಗಳಲ್ಲಿ ಇರುತ್ತದೆ. ನಾನು ಕೊಂಡ ಯಂತ್ರದಲ್ಲಿಯೂ ಈ ಬಿಡುವು ಬೇಕು. ಆದರೆ ಆ ಹೊತ್ತಿನಲ್ಲಿ ಮುಂದಿನ ಚೀಲದ ಬಾಯಿ ಒರೆಸುವ ಕೆಲಸ ಹೇಗೂ ಇರುವುದರಿಂದ ಅದು ಭಾರವೆನಿಸಲಿಲ್ಲ.

ಚೀಲಗಳ ವಿಷಯವನ್ನು ಯಂತ್ರದ ಜೊತೆಗೇ ಯೋಚಿಸಬೇಕು, ಏಕೆಂದರೆ ಯಂತ್ರವನ್ನು ಕೊಳ್ಳುವುದು ಒಮ್ಮೆ, ಚೀಲಗಳನ್ನು ಕೊಳ್ಳುವುದು ಯಂತ್ರ ಇರುವವರೆಗೂ. ಬಾಯಿಯನ್ನು ಕಚ್ಚಿ ಹಿಡಿಯುವ ಯಂತ್ರಕ್ಕೆ ಒಂದು ಮೈಯಲ್ಲಾದರೂ ಉಬ್ಬುಗೆರೆಗಳಿರುವ ಚೀಲವೇ ಬೇಕು; ನುಣುಪು ಚೀಲದ ಎರಡು ಪದರಗಳು ಎಳೆತ ಶುರುವಾದೊಡನೆ ಬಾಯಿಯ ಹತ್ತಿರ ಒಂದಕ್ಕೊಂದು ಅಂಟಿ, ಒಳಗಿನ ಗಾಳಿ ಒಳಗೇ ಉಳಿಯುತ್ತದೆ. ತನ್ನದೇ ಕಂಪನಿಯ ಚೀಲ ಬಿಟ್ಟು ಬೇರೆಯದನ್ನು ಒಪ್ಪದ ಯಂತ್ರವನ್ನು ನಾನು ಬಯಸಲಿಲ್ಲ, ಹಾಗಾಗಿ ಅಗಲ ಸರಿಹೊಂದುವ ಯಾವ ರೋಲಾದರೂ ನಡೆಯುತ್ತದೆಯೇ ಎಂದು ನೋಡಿಕೊಂಡೆ. ದಪ್ಪದ ಬಗ್ಗೆ ಹೇಳುವುದಾದರೆ, ಮುಳ್ಳಿಲ್ಲದ ಮೆತ್ತನೆಯ ಹೋಳಿಗೆ 75 ಮೈಕ್ರಾನಿನ ಚೀಲ ಸಾಕು, ಮುಳ್ಳು ಚರ್ಮ ಇರುವ ಹೋಳಿಗೆ 100 ಮೈಕ್ರಾನ್ ಹತ್ತಿರದ್ದು ಬೇಕು. ಕೇವಲ ಪಾಲಿಎಥಿಲೀನಿನ ತೆಳು ಚೀಲ ನೀರಾವಿಯನ್ನು ತಡೆದರೂ ಆಮ್ಲಜನಕವನ್ನು ನಿಧಾನವಾಗಿ ಒಳಬಿಡುತ್ತದೆ. ಅದನ್ನು ತಡೆಯುವುದು ನೈಲಾನ್ ಪದರ. ಎಣ್ಣೆಯ ಮೀನಿಗೆ ಈ ಪದರ ಇಲ್ಲದ ಚೀಲವನ್ನು ಎಷ್ಟು ಗಟ್ಟಿಯಾಗಿ ಬೆಸೆದರೂ ಕಮಟು ವಾಸನೆ ಬರುವುದು ತಪ್ಪದು. ಹಸಿ ಮೀನು ಹಾಕಿದ ಚೀಲವನ್ನು ತೊಳೆದು ಮತ್ತೆ ಬಳಸುವುದು ನನಗೆ ಒಪ್ಪಿಗೆಯಿಲ್ಲದ ಉಳಿತಾಯ.

ಯಂತ್ರ ಮನೆಗೆ ಬಂದ ಮೇಲೆ ತಿಳಿದದ್ದು, ಒದ್ದೆಯ ಸಮಸ್ಯೆಯನ್ನು ಯಂತ್ರಕ್ಕೆ ಬಿಡದೆ ಅದಕ್ಕಿಂತ ಮೊದಲೇ ಬಗೆಹರಿಸಬಹುದು ಎಂಬುದು. ಹೋಳುಗಳನ್ನು ತೊಳೆದು, ನೀರು ಬಸಿದು, ಅಡುಗೆಮನೆಯ ಪೇಪರ್ ಟವೆಲಿನಿಂದ ಒತ್ತಿ ಒರೆಸಿ, ತಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಒಂದೆರಡು ಗಂಟೆ ಫ್ರೀಜರಿನಲ್ಲಿ ಇಡುತ್ತೇನೆ. ಹೊರಮೈ ಗಟ್ಟಿಯಾಗಿ ಬೆರಳಿಗೆ ಮರದ ಹಲಗೆಯಂತೆ ತಾಗಿದರೆ ಸಾಕು, ಒಳಗೆ ಪೂರ್ತಿ ಗಟ್ಟಿಯಾಗಬೇಕಿಲ್ಲ. ಹೀಗೆ ಮಾಡಿದ ಹೋಳಿನಿಂದ ಎಳೆಯಲು ನೀರೇ ಇರುವುದಿಲ್ಲ, ಮೃದು ಮಾಂಸ ಚಪ್ಪಟೆಯಾಗುವುದೂ ಇಲ್ಲ. ಚೀಲಕ್ಕೆ ಹಾಕುವಾಗ ಬಾಯಿಯನ್ನು ನಾಲ್ಕು ಬೆರಳು ಅಗಲ ಹೊರಕ್ಕೆ ಮಡಚಿಕೊಂಡರೆ ಬೆಸೆಯುವ ಜಾಗಕ್ಕೆ ಮೀನು ತಾಗುವುದಿಲ್ಲ. ತುಂಬಿದ ಮೇಲೆ ಮಡಿಕೆ ಬಿಚ್ಚಿದಾಗ ಅಲ್ಲಿ ಪ್ಲಾಸ್ಟಿಕ್ಕು ಒಣಗಿ ಶುಭ್ರವಾಗಿಯೇ ಇರುತ್ತದೆ. ಬಂಗುಡೆಯ ದಿನ ಮಾತ್ರ, ಮಡಚಿದ್ದರೂ ಸಹ, ಒಳಬಾಯಿಯನ್ನು ಒಣ ಪೇಪರಿನಿಂದ ಒಮ್ಮೆ ಒರೆಸದೆ ಬೆಸೆಯುವುದಿಲ್ಲ. ಹೊತ್ತಿಲ್ಲದ ದಿನ ಹೋಳು ಮತ್ತು ಬಾಯಿಯ ನಡುವೆ ಮಡಚಿದ ಪೇಪರ್ ಟವೆಲೊಂದನ್ನು ಅಡ್ಡಲಾಗಿ ಇಟ್ಟರೆ ಅದು ನೀರನ್ನು ಹೀರಿಕೊಳ್ಳುತ್ತದೆ, ಆದರೆ ಅದು ಎರಡನೆಯ ದರ್ಜೆಯ ಉಪಾಯ.

ಅರೆಗಟ್ಟಿ ಮಾಡುವುದರಲ್ಲಿ ಇನ್ನೊಂದು ಲಾಭವಿದೆ. ಮೀನು ಮೈನಸ್ 1ರಿಂದ ಮೈನಸ್ 5 ಡಿಗ್ರಿಯ ನಡುವಿನ ಹಂತವನ್ನು ದಾಟುವಾಗಲೇ ಅದರ ನೀರಿನ ಬಹುಭಾಗ ಮಂಜಾಗುತ್ತದೆ. ಈ ಹಂತ ನಿಧಾನವಾದರೆ ಹರಳುಗಳು ದೊಡ್ಡದಾಗಿ ಬೆಳೆದು ಮಾಂಸದ ಎಳೆಗಳನ್ನು ಸೀಳುತ್ತವೆ, ಕರಗಿಸಿದಾಗ ರಸವೆಲ್ಲ ತಟ್ಟೆಗೆ ಇಳಿಯುತ್ತದೆ. ಹೋಳುಗಳನ್ನು ಬಿಡಿಬಿಡಿಯಾಗಿ ಹರಡಿದಾಗ ಈ ಹಂತ ಬೇಗ ದಾಟುತ್ತದೆ. ಬೆಸೆದ ಚೀಲಗಳನ್ನೂ ಮೊದಲ ರಾತ್ರಿ ಒಂದರ ಮೇಲೊಂದು ಪೇರಿಸದೆ, ಫ್ರೀಜರಿನ ತಳಕ್ಕೆ ತಾಗುವಂತೆ ಚಪ್ಪಟೆಯಾಗಿ ಮಲಗಿಸುತ್ತೇನೆ. ಫ್ರೀಜರಿನ ಪ್ರತಿ 28 ಲೀಟರ್ ಜಾಗಕ್ಕೆ ದಿನಕ್ಕೆ ಸುಮಾರು ಒಂದು ಕಿಲೋ ಹೊಸ ಪದಾರ್ಥ ಎಂಬ ಮಿತಿಯನ್ನು ಮೀರಿದರೆ ಒಳಗಿದ್ದ ಹಳೆಯ ಚೀಲಗಳಿಗೂ ಬಿಸಿ ತಾಗುತ್ತದೆ. ಎಷ್ಟು ಮೀನು ತರಬೇಕು ಎಂಬುದನ್ನು ಈಗ ನಮ್ಮ ಮನೆಯಲ್ಲಿ ಫ್ರೀಜರ್ ನಿರ್ಧರಿಸುತ್ತದೆ.

ಮುಳ್ಳಿನ ಕಾಟವನ್ನು ಹೇಳದಿದ್ದರೆ ಕಥನ ಪೂರ್ಣವಾಗದು. ಬೆಸುಗೆ ಎಷ್ಟೇ ಚೆನ್ನಾಗಿರಲಿ, ಬೆನ್ನಿನ ರೆಕ್ಕೆಯ ಒಂದು ಮುಳ್ಳು ಚುಚ್ಚಿದ ರಂಧ್ರ ಸಾಕು. ಆ ರಂಧ್ರ ಕಣ್ಣಿಗೆ ಕಾಣುವುದಿಲ್ಲ, ನೀರಿನಲ್ಲಿ ಅದ್ದಿದರೂ ಗುಳ್ಳೆ ಬರುವುದಿಲ್ಲ. ಮಾರನೆಯ ದಿನ ಚೀಲವನ್ನು ಮುಟ್ಟಿದಾಗ ಪ್ಲಾಸ್ಟಿಕ್ಕು ಮೀನಿನ ಮೇಲೆ ಜಾರಿದರೆ ಗಾಳಿ ಒಳಗೆ ಬಂದಿದೆ ಎಂದೇ ಅರ್ಥ. ಹಾಗಾಗಿ ಬೆಸೆದ ಮರುದಿನ ಎಲ್ಲ ಚೀಲಗಳ ಮೇಲೂ ಒಮ್ಮೆ ಕೈಯಾಡಿಸಿ, ಸಡಿಲಾದವನ್ನು ಕತ್ತರಿಸಿ ಹೊಸ ಚೀಲಕ್ಕೆ ಹಾಕುವುದು ನನ್ನ ಪದ್ಧತಿಯಾಗಿದೆ. ರೆಕ್ಕೆಗಳನ್ನು ಕತ್ತರಿಯಿಂದ ಬುಡದವರೆಗೆ ಕತ್ತರಿಸುವುದು, ಪಕ್ಕೆಲುಬಿನ ಚೂಪು ತುದಿ ಹೊರಚಾಚಿರುವ ಕಡೆ ಬೇಕಿಂಗ್ ಪೇಪರಿನ ಮಡಿಕೆಯೊಂದನ್ನು ಇಡುವುದು, ಮುಳ್ಳಿನ ಬದಿಗಳು ಒಂದಕ್ಕೊಂದು ಎದುರಾಗುವಂತೆ ಹೋಳುಗಳನ್ನು ಜೋಡಿಸುವುದು, ಇಷ್ಟು ಮಾಡಿದ ಮೇಲೆ ಸಡಿಲಾಗುವ ಚೀಲಗಳು ಬಹಳ ಅಪರೂಪವಾದವು.

ಕೊಳ್ಳುವಾಗ ಯಾರೂ ಹೇಳದ, ಎಲ್ಲಕ್ಕಿಂತ ಗಂಭೀರವಾದ ಸಂಗತಿ ಕರಗಿಸುವ ಹಂತದ್ದು. ಗಾಳಿಯಿಲ್ಲದ ಚೀಲ ಮೀನಿಗೆ ಹಿತವಾದಂತೆ, ಆಮ್ಲಜನಕವಿಲ್ಲದ ಕಡೆ ಮಾತ್ರ ಬೆಳೆಯುವ ಬ್ಯಾಕ್ಟೀರಿಯಾಕ್ಕೂ ಹಿತವಾದದ್ದು. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ಇ ಬಗೆ ನೀರಿನ ಪರಿಸರಕ್ಕೆ ಸೇರಿದ್ದು, ಮೀನಿನಲ್ಲಿ ಕಾಣಿಸಿಕೊಳ್ಳುವಂಥದ್ದು; ಅದು ಸುಮಾರು 3.3 ಡಿಗ್ರಿಯಲ್ಲೇ ಬೆಳೆಯಬಲ್ಲದು, ಮನೆಯ ಫ್ರಿಜ್ಜು ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗೇ ಇರುತ್ತದೆ. 1963ರಲ್ಲಿ ಅಮೆರಿಕದಲ್ಲಿ ನಿರ್ವಾತದ ಪ್ಯಾಕಿಂಗಿನ ಹೊಗೆಮೀನನ್ನು ತಿಂದು, ಈ ಬ್ಯಾಕ್ಟೀರಿಯಾ ಬೆಳೆಯುವಾಗ ಹುಟ್ಟುವ ಮಾರಕ ವಿಷದಿಂದ ಸಾವುಗಳಾಗಿದ್ದವು. ಮೈನಸ್ 18ರಲ್ಲಿ ಅದು ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ಆದ್ದರಿಂದ ಚೀಲವನ್ನು ಫ್ರೀಜರಿನಿಂದ ತೆಗೆದೊಡನೆ, ಮೀನು ಇನ್ನೂ ಕಲ್ಲಿನಂತಿರುವಾಗಲೇ ಕತ್ತರಿಸಿ, ಹೋಳುಗಳನ್ನು ಬಟ್ಟಲಿಗೆ ಹಾಕಿ ಮುಚ್ಚಿ ಫ್ರಿಜ್ಜಿನಲ್ಲಿ ಕರಗಿಸಬೇಕು. ಬೆಸೆದ ಚೀಲದಲ್ಲಿ ಹಸಿ ಮೀನನ್ನು ಫ್ರಿಜ್ಜಿನಲ್ಲಿಯೇ ದಿನಗಟ್ಟಲೆ ಇಡುವುದಂತೂ ಸಲ್ಲದು. ಮನೆಯವರೆಲ್ಲರ ಕೈಗೂ ಚೀಲ ಸಿಗುವುದರಿಂದ, ಮೀನಿನ ಹೆಸರು ಮತ್ತು ತಾರೀಖಿನ ಕೆಳಗೆ “ಕತ್ತರಿಸಿ ಕರಗಿಸಿ” ಎಂದು ಮಾರ್ಕರಿನಲ್ಲಿ ಬರೆಯುತ್ತೇನೆ. ಬರೆಯುವುದು ಚೀಲ ಖಾಲಿಯಿದ್ದಾಗಲೇ, ಬೆಸುಗೆಯ ಗೆರೆಯ ಆಚೆ ಉಳಿಯುವ ತುದಿಯ ಮೇಲೆ.

ಈ ಸಿದ್ಧತೆಗಳೊಂದಿಗೆ ಕಟ್ಟಿದ ಕೊಬ್ಬು ಕಡಿಮೆಯ ಮೀನು ಅರ್ಧ ವರ್ಷ ದಾಟಿದ ಮೇಲೂ ಬಿಳಿ ಕಲೆ ಇಲ್ಲದೆ ಹೊರಬಂದಿದೆ. ಬಂಗುಡೆಯ ವಿಷಯದಲ್ಲಿ ನಾನು ಅಷ್ಟು ಧೈರ್ಯ ಮಾಡುವುದಿಲ್ಲ; ಹಿಂದಿಗಿಂತ ಹೆಚ್ಚು ಕಾಲ ಉಳಿಯುತ್ತದೆ ಎಂಬುದು ಖಚಿತ, ಆದರೂ ಅದನ್ನೇ ಮೊದಲು ಬಳಸಿ ಮುಗಿಸುತ್ತೇವೆ. ಯಂತ್ರದ ಆರೈಕೆ ಹೆಚ್ಚಿನದೇನಿಲ್ಲ. ಕೆಲಸ ಮುಗಿದ ಮೇಲೆ ತಟ್ಟೆ ತೊಳೆದು, ಗ್ಯಾಸ್ಕೆಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮುಚ್ಚಳವನ್ನು ಕೊಂಡಿ ಹಾಕದೆ ಸಡಿಲವಾಗಿ ಇಡಬೇಕು. ಕೊಂಡಿ ಹಾಕಿಟ್ಟರೆ ಗ್ಯಾಸ್ಕೆಟ್ಟು ಚಪ್ಪಟೆಯಾಗಿ ಎಳೆತ ಸೋರತೊಡಗುತ್ತದೆ. ಟೆಫ್ಲಾನ್ ಟೇಪು ಕಂದುಬಣ್ಣಕ್ಕೆ ತಿರುಗಿ ಸುಕ್ಕಾದಾಗ ಹೊಸದನ್ನು ಹಾಕಿದೆ, ಅದು ಕೆಲವೇ ನಿಮಿಷಗಳ ಕೆಲಸ.

ಎಲ್ಲ ಮೀನನ್ನೂ ಈ ಯಂತ್ರಕ್ಕೆ ಹಾಕುವುದಿಲ್ಲ. ಚಿಪ್ಪು ಬಿಡಿಸದ ಸಿಗಡಿಯ ತಲೆಯ ಮುಳ್ಳು 100 ಮೈಕ್ರಾನಿನ ಚೀಲವನ್ನೂ ಲೆಕ್ಕಿಸುವುದಿಲ್ಲ, ಇಡಿಯಾಗಿ ಇಡುವ ಮುಳ್ಳುರೆಕ್ಕೆಯ ಮೀನೂ ಹಾಗೆಯೇ. ಸಿಗಡಿಯನ್ನು ಡಬ್ಬಿಯಲ್ಲಿ ತಣ್ಣೀರಿನೊಳಗೆ ಮುಳುಗಿಸಿ ಗಡ್ಡೆ ಕಟ್ಟಿಸುತ್ತೇನೆ. ಇಡೀ ಮೀನನ್ನು ಮೊದಲು ಬರಿದಾಗಿ ಗಟ್ಟಿ ಮಾಡಿ, ಮಂಜಿನಷ್ಟು ತಣ್ಣಗಿನ ನೀರಿನಲ್ಲಿ ಅದ್ದಿ ತೆಗೆದು ಮತ್ತೆ ಫ್ರೀಜರಿನಲ್ಲಿ ಇಟ್ಟು, ಹೀಗೆ ಕೆಲವು ಸಲ ಮಾಡಿದರೆ ಅದರ ಮೈಮೇಲೆ ಮಂಜಿನ ತೆಳು ಪದರ ಕೂರುತ್ತದೆ. ಆವಿಯಾಗಿ ಹೋಗುವುದು ಆ ಪದರವೇ ಹೊರತು ಮೀನಿನ ನೀರಲ್ಲ. ಅದು ಸವೆದಂತೆ ಕಂಡಾಗ ಮತ್ತೊಮ್ಮೆ ಅದ್ದಿದರೆ ಆಯಿತು.